ಸಣ್ಣ ವಿಮಾನ ಗಾಳಿಗೆ ಎದ್ದು ಬೀಳುವಾಗ ಎತ್ತರ ಹಿಡಿಯಬೇಕೋ, ಬಿಡಬೇಕೋ?

ಹೊಸ ರೆಕ್ಕೆ:
ಎಲ್ಲರಿಗೂ ನಮಸ್ಕಾರ. ಪೈಲಟ್ ಲೈಸೆನ್ಸ್ ಬಂದು ನಾಲ್ಕು ತಿಂಗಳಾಯಿತು. ಒಟ್ಟು 78 ಗಂಟೆ ಹಾರಿದ್ದೇನೆ. ಇಷ್ಟು ದಿನ ಬೆಳಿಗ್ಗೆ ಬೇಗ ಹೋಗಿ ಬಂದುಬಿಡುತ್ತಿದ್ದೆ. ಮೊನ್ನೆ ಮೊದಲ ಸಲ ಮಧ್ಯಾಹ್ನ ಎರಡು ಗಂಟೆಗೆ ಸೆಸ್ನಾ 172ಎಸ್ ಅನ್ನುವ ಸಣ್ಣ ವಿಮಾನ ತೆಗೆದುಕೊಂಡು ಒಬ್ಬನೇ ಹೊರಟೆ. 3000 ಅಡಿ ದಾಟುವಷ್ಟರಲ್ಲಿ ಶುರುವಾಯಿತು. ಯಾರೋ ಕೆಳಗಿಂದ ಒದ್ದ ಹಾಗೆ ಮೇಲಕ್ಕೆ, ತಕ್ಷಣ ದೊಪ್ಪೆಂದು ಕೆಳಕ್ಕೆ. ಹೆಡ್‌ಸೆಟ್ ಚಾವಣಿಗೆ ಬಡಿಯಿತು. ತೊಡೆಯ ಮೇಲಿದ್ದ ಪೆನ್ನು ಎದ್ದು, ಮುಖದ ಮುಂದೆ ಅರೆಕ್ಷಣ ನಿಂತು, ಸೀಟಿನ ಕೆಳಗೆಲ್ಲೋ ಹೋಯಿತು.

300 ಅಡಿ ಮೇಲೆ ಹೋದರೆ ಯೋಕ್ (ವಿಮಾನದ ಸ್ಟೀರಿಂಗ್) ಒತ್ತಿದೆ. 300 ಅಡಿ ಕೆಳಗೆ ಬಂದರೆ ಎಳೆದೆ. ನಲವತ್ತು ನಿಮಿಷ ಇದೇ ಕೆಲಸ. ಇಳಿದ ಮೇಲೆ ನೋಡಿದರೆ ಅಂಗೈಯಲ್ಲಿ ಯೋಕಿನ ಗೆರೆ ಹಾಗೇ ಮೂಡಿತ್ತು. ಇನ್ನೂ ಭಯ ಹೋಗಿಲ್ಲ. ಎತ್ತರ ಹಿಡಿಯಲು ಹೀಗೆ ಗುದ್ದಾಡಲೇಬೇಕಾ? ರೆಕ್ಕೆ ಮುರಿಯೋದು ನಿಜಕ್ಕೂ ಸಾಧ್ಯವಾ?

ಎಡ ಸೀಟು:
ಗುದ್ದಾಡಬೇಡಿ. ರೆಕ್ಕೆ ಸಮ ಇರಲಿ, ಮೂಗು ದಿಗಂತಕ್ಕೆ ಎಲ್ಲಿತ್ತೋ ಅಲ್ಲೇ ಇರಲಿ. ಎತ್ತರ ಹೋದರೆ ಹೋಗಲಿ, ತಾನೇ ವಾಪಸ್ ಬರುತ್ತದೆ.

ವಿಂಡ್‌ಸಾಕ್:
ಅದಿರಲಿ, ವೇಗ ಎಷ್ಟಿತ್ತು ಮೊದಲು ಹೇಳಿ.

ಹೊಸ ರೆಕ್ಕೆ:
118 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.) ಇಟ್ಟುಕೊಂಡಿದ್ದೆ. ಮೇಲಕ್ಕೆ ಎತ್ತಿದಾಗ ಮೂಗು ಒತ್ತಿದೆನಲ್ಲ, ಆಗ ಒಂದೆರಡು ಸಲ 135 ತೋರಿಸಿತು. ವೇಗದ ಡಯಲ್ಲಿನ ಹಳದಿ ಪಟ್ಟಿಗೆ ಹೋಯಿತು ಅಂತ ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸಿದೆ.

ಲೋಡ್ ಫ್ಯಾಕ್ಟರ್:
ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾನು ವಿಮಾನದ ರಚನೆ ಎಷ್ಟು ಭಾರ ತಡೆಯುತ್ತದೆ ಅನ್ನುವ ಲೆಕ್ಕ ಮಾಡುವವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

172ಎಸ್‌ನಲ್ಲಿ ಹಸಿರು ಪಟ್ಟಿ 129 ನಾಟ್‌ಗೆ ಮುಗಿಯುತ್ತದೆ. ಅಲ್ಲಿಂದ 163ರವರೆಗೆ ಹಳದಿ. ಹಳದಿ ಇರುವುದು ಗಾಳಿ ನಿಶ್ಚಲವಾಗಿದ್ದಾಗ ಮಾತ್ರ. ಕುಲುಕಾಟದಲ್ಲಿ ಅಲ್ಲಿಗೆ ಕಾಲಿಡಲೇಬಾರದು. ಆದರೆ ಹಸಿರಿನಲ್ಲಿದ್ದರೆ ಸಾಕು ಅಂತಲೂ ಅಲ್ಲ. ಏಟು ಜೋರಾಗಿದ್ದಾಗ ನೋಡಬೇಕಾದ ವೇಗ ವಿಎ (ಮನೂವರಿಂಗ್ ಸ್ಪೀಡ್). ಅದು ಡಯಲ್ ಮೇಲೆ ಗುರುತು ಹಾಕಿರುವುದಿಲ್ಲ, ಕೈಪಿಡಿಯಲ್ಲಿರುತ್ತದೆ. ವಿಎಗಿಂತ ಕೆಳಗೆ ಹಾರುತ್ತಿದ್ದರೆ, ದೊಡ್ಡ ಏಟು ಬಿದ್ದಾಗ ರೆಕ್ಕೆ ತಡೆಯಲಾರದಷ್ಟು ಭಾರ ಬೀಳುವ ಮೊದಲೇ ಸ್ಟಾಲ್ ಆಗುತ್ತದೆ. ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು, ಆ ಭಾರವನ್ನು ಹೊರದೆ ಜಾರಿಸಿಬಿಡುತ್ತದೆ. ವಿಎಗಿಂತ ಜಾಸ್ತಿ ಇದ್ದರೆ ರೆಕ್ಕೆ ಸ್ಟಾಲ್ ಆಗುವುದಿಲ್ಲ, ಪೂರ್ತಿ ಹೊರುತ್ತದೆ. ನಾರ್ಮಲ್ ಕೆಟಗರಿಯಲ್ಲಿ (ಮಾಮೂಲಿ ಹಾರಾಟದ ವರ್ಗದಲ್ಲಿ) ಮಿತಿ 3.8 ಜಿ, ಅಂದರೆ ತೂಕದ 3.8 ಪಟ್ಟು ಭಾರ.

ಇನ್ನೊಂದು ವಿಷಯ. 172ಎಸ್‌ನ ವಿಎ 105 ನಾಟ್ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು 2550 ಪೌಂಡ್ ತುಂಬಿದ ವಿಮಾನಕ್ಕೆ. 2200 ಪೌಂಡಿಗೆ 98, 1900ಕ್ಕೆ 90. ನೀವು ಒಬ್ಬರೇ ಇದ್ದಿರಿ, ಟ್ಯಾಂಕ್ ಎಷ್ಟಿತ್ತೋ ಗೊತ್ತಿಲ್ಲ. ಅರ್ಧ ಅಂದುಕೊಂಡರೆ 95ರ ಒಳಗೆ ಇರಬೇಕಿತ್ತು. 118 ತುಂಬಾ ಜಾಸ್ತಿ.

ಹೊಸ ರೆಕ್ಕೆ:
ಅರ್ಧ ಟ್ಯಾಂಕೇ ಇತ್ತು ಸರ್. ಆದರೆ ಹಗುರ ಇದ್ದಷ್ಟೂ ರೆಕ್ಕೆಗೆ ಭಾರ ಕಡಿಮೆ, ಜೋರಾಗಿ ಹೋಗಬಹುದು ಅಂತ ಅಲ್ವಾ ಅನಿಸುವುದು?

ಲೋಡ್ ಫ್ಯಾಕ್ಟರ್:
ಎಲ್ಲರಿಗೂ ಮೊದಲು ಹಾಗೇ ಅನಿಸುತ್ತದೆ. ಖಾಲಿ ಗಾಡಿಯನ್ನೂ ಮೂಟೆ ತುಂಬಿದ ಗಾಡಿಯನ್ನೂ ಒಂದೇ ಬಲದಿಂದ ತಳ್ಳಿ ನೋಡಿ. ಖಾಲಿಯದು ಎಗರಿ ಓಡುತ್ತದೆ. ಗಾಳಿ ತಳ್ಳುವ ಬಲ ಅಷ್ಟೇ, ವಿಮಾನ ಹಗುರ, ಹಾಗಾಗಿ ಎಗರುವುದು ಜಾಸ್ತಿ. ಎಂಜಿನ್ ಕಟ್ಟಿರುವ ಬೋಲ್ಟು, ಬ್ಯಾಟರಿ, ಸೀಟು ಎಲ್ಲವೂ ಆ ಎಗರಾಟವನ್ನು ತಡೆದುಕೊಳ್ಳಬೇಕು. ಅವುಗಳ ತೂಕವೇನೂ ಕಡಿಮೆಯಾಗಿಲ್ಲವಲ್ಲ. ಲೆಕ್ಕದಲ್ಲಿ ಇದು ತೂಕದ ವರ್ಗಮೂಲದ ಪ್ರಕಾರ ಹೋಗುತ್ತದೆ. ತೂಕ ಕಾಲು ಭಾಗ ಇಳಿದರೆ ವೇಗ ಏಳರಲ್ಲಿ ಒಂದು ಭಾಗದಷ್ಟು ಇಳಿಸಬೇಕು.

ಟೇಲ್‌ವ್ಹೀಲ್:
ಹೌದು. ವಿಎ ಕೆಳಗಿದ್ದರೆ ಯೋಕು, ರಡ್ಡರು (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಹಲಗೆ) ಹೇಗೆ ಬೇಕಾದರೂ ತಿರುಗಿಸಿ, ಏನೂ ಮುರಿಯಲ್ಲ. ನಮ್ಮ ಗುರುಗಳು ಮೊದಲ ದಿನವೇ ಹೇಳಿಕೊಟ್ಟಿದ್ದರು.

ಲೋಡ್ ಫ್ಯಾಕ್ಟರ್:
ದಯವಿಟ್ಟು ಈ ಮಾತನ್ನು ಯಾರೂ ನಂಬಬೇಡಿ. ವಿಎ ಭರವಸೆ ಕೊಡುವುದು ಒಂದೇ ಕಂಟ್ರೋಲನ್ನು, ಒಂದೇ ದಿಕ್ಕಿಗೆ, ಒಂದು ಸಲ ಪೂರ್ತಿ ತಿರುಗಿಸುವುದಕ್ಕೆ. ಆ ಕಡೆ ಈ ಕಡೆ ಒಂದರ ಹಿಂದೊಂದು ಒತ್ತಿದರೆ ಲೆಕ್ಕವೇ ಬೇರೆ.

2001ರ ನವೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಏರ್‌ಬಸ್ ಎ300 ಬಿದ್ದದ್ದು ನೆನಪಿದೆಯಾ? ಮುಂದೆ ಹೋದ 747 ಬಿಟ್ಟುಹೋದ ಸುಳಿಗೆ ಸಿಕ್ಕಿತ್ತು. ಸುಳಿಯೇ ಅದನ್ನು ಬೀಳಿಸಲಿಲ್ಲ. ರಡ್ಡರ್ ಅನ್ನು ಎಡಕ್ಕೆ ಬಲಕ್ಕೆ ಮತ್ತೆ ಮತ್ತೆ ಪೂರ್ತಿ ಒತ್ತಿದ್ದರಿಂದ ಬಾಲದ ನೆಟ್ಟಗಿನ ರೆಕ್ಕೆಯೇ ಕಿತ್ತುಬಂತು. ಆಗ ವೇಗ ವಿಎಗಿಂತ ಕೆಳಗೇ ಇತ್ತು. ಅದರ ನಂತರ ದೊಡ್ಡ ವಿಮಾನಗಳ ನಿಯಮದಲ್ಲಿ ಈ ಎಚ್ಚರಿಕೆಯನ್ನು ಬಿಡಿಸಿ ಬರೆದರು. ಸಣ್ಣ ವಿಮಾನಕ್ಕೂ ಪಾಠ ಅದೇ.

ಟೇಲ್‌ವ್ಹೀಲ್:
ಇಷ್ಟು ವರ್ಷ ಹಾರಿದರೂ ಇದನ್ನು ಹೀಗೆ ಯೋಚಿಸಿರಲಿಲ್ಲ. ಮಾತು ವಾಪಸ್ ತೆಗೆದುಕೊಂಡೆ.

ಬೋಧಕಿ:
ನಾನು ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಅಂಗೈಯಲ್ಲಿ ಗೆರೆ ಮೂಡಿತ್ತು ಅಂದಿರಲ್ಲ, ನನಗೆ ಅದೇ ಮುಖ್ಯ ಅನಿಸಿತು.

ಯೋಕನ್ನು ಮುಷ್ಟಿಯಲ್ಲಿ ಹಿಡಿದರೆ ಏನಾಗುತ್ತದೆ ಗೊತ್ತಾ? ಏಟು ಬಿದ್ದಾಗ ನಿಮ್ಮ ಮೈ ಮೇಲೆ ಕೆಳಗೆ ಆಗುತ್ತದೆ. ಮೈ ಜೊತೆ ತೋಳು, ತೋಳಿನ ಜೊತೆ ಯೋಕು. ಗಾಳಿ ಒಂದು ಏಟು ಕೊಟ್ಟರೆ ನೀವು ಗೊತ್ತಿಲ್ಲದೆ ಇನ್ನೊಂದು ಕೊಡುತ್ತೀರಿ. ಅದನ್ನು ಸರಿ ಮಾಡಲು ಮೂರನೆಯದು. ಶಿಷ್ಯರಿಗೆ ನಾನು ಹೇಳುವುದು ಇಷ್ಟೇ. ಮೊಣಕೈಯನ್ನು ಬಾಗಿಲ ಪಕ್ಕದ ಆರ್ಮ್‌ರೆಸ್ಟ್‌ಗೋ ತೊಡೆಗೋ ಊರಿ. ಹೆಬ್ಬೆರಳು, ಎರಡು ಬೆರಳು, ಅಷ್ಟರಲ್ಲೇ ಯೋಕು ಹಿಡಿಯಿರಿ. ಮೊದಲು ನಿಮಗೆ ಬೇಕಾದ ವೇಗಕ್ಕೆ ಟ್ರಿಮ್ ಮಾಡಿ (ಯೋಕು ಒತ್ತದೆ ಎಳೆಯದೆ ಆ ವೇಗ ನಿಲ್ಲುವಂತೆ ಹೊಂದಿಸಿ), ಆಮೇಲೆ ಟ್ರಿಮ್ ಮುಟ್ಟಲೇಬೇಡಿ. ರೆಕ್ಕೆ ಐದು ಡಿಗ್ರಿ ವಾಲಿದರೆ ಒಂದು ಉಸಿರು ಬಿಟ್ಟು ನೋಡಿ. ಎಷ್ಟೋ ಸಲ ಮುಂದಿನ ಏಟೇ ಅದನ್ನು ಸರಿ ಮಾಡಿರುತ್ತದೆ. ಜಾಸ್ತಿ ವಾಲಿದರೆ ಮೆತ್ತಗೆ ವಾಪಸ್ ತನ್ನಿ.

ಎಷ್ಟು ಬೇಗ ಏರುತ್ತಿದೆ, ಇಳಿಯುತ್ತಿದೆ ಅಂತ ತೋರಿಸುವ ವರ್ಟಿಕಲ್ ಸ್ಪೀಡ್ ಮುಳ್ಳನ್ನಂತೂ ನೋಡಲೇಬೇಡಿ. ಅದು ಕೆಲವು ಸೆಕೆಂಡ್ ಹಿಂದಿನ ಸುದ್ದಿ ಹೇಳುತ್ತಿರುತ್ತದೆ. ಕಣ್ಣು ಹೊರಗೆ, ದಿಗಂತದ ಮೇಲೆ ಇರಲಿ.

ಹೊರಡುವ ಮೊದಲೇ ಮಾಡುವ ಕೆಲಸವೂ ಇದೆ. ಸೊಂಟದ ಬೆಲ್ಟು ಮೂಳೆಗೆ ತಾಗುವಷ್ಟು ಬಿಗಿ ಇರಲಿ. ಹೆಡ್‌ಸೆಟ್ ಚಾವಣಿಗೆ ಬಡಿಯಿತು ಅಂದರೆ ಬೆಲ್ಟು ಸಡಿಲ ಇತ್ತು ಅಂತಲೇ. ಸೀಟು ಹಳಿಯಲ್ಲಿ ಕಚ್ಚಿಕೊಂಡಿದೆಯಾ ಅಂತ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಫ್ಲಾಪ್ (ರೆಕ್ಕೆಯ ಹಿಂದಿನ ಅಂಚಿನ ಹಲಗೆ) ಇಳಿಸಿಕೊಂಡು ಕುಲುಕಾಟಕ್ಕೆ ಹೋಗಬೇಡಿ, 172ಎಸ್‌ನಲ್ಲಿ ಫ್ಲಾಪ್ ಇಳಿಸಿದರೆ ಮಿತಿ 3.8 ಜಿಯಿಂದ 3ಕ್ಕೆ ಇಳಿಯುತ್ತದೆ.

ಎಡ ಸೀಟು:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಟೋಪೈಲಟ್ ಇದ್ದರೆ ಆಲ್ಟಿಟ್ಯೂಡ್ ಹೋಲ್ಡ್ ತೆಗೆದುಬಿಡಿ. ನೀವು ಮಾಡಿದ ತಪ್ಪನ್ನೇ ಅದೂ ಮಾಡುತ್ತದೆ. ಕೆಳಗೆಳೆಯುವ ಗಾಳಿಯಲ್ಲಿ ಎತ್ತರ ಹಿಡಿಯಲು ಮೂಗು ಎತ್ತುತ್ತಲೇ ಹೋಗುತ್ತದೆ, ವೇಗ ಸ್ಟಾಲ್ ಹತ್ತಿರ ಬಂದರೂ ನಿಲ್ಲಿಸಲ್ಲ.

ಟಚ್ ಸ್ಕ್ರೀನ್ ಇರುವವರಿಗೆ ಇನ್ನೊಂದು. ಬೆರಳು ಗಾಳಿಯಲ್ಲಿ ಇಟ್ಟು ಒತ್ತಲು ಹೋದರೆ ಬೇರೇನೋ ಒತ್ತಿಬಿಡುತ್ತೀರಿ. ನಾಲ್ಕು ಬೆರಳು ಪರದೆಯ ಅಂಚಿಗೆ ಊರಿ, ಹೆಬ್ಬೆರಳಿನಲ್ಲಿ ಒತ್ತಿ.

ಮೋಡದ ಅಂಚು:
ಎಲ್ಲರೂ ಎತ್ತರ ಬಿಡಿ ಬಿಡಿ ಅನ್ನುತ್ತಿದ್ದೀರಿ, ನನಗೆ ಇದು ಸರಿ ಕಾಣುತ್ತಿಲ್ಲ. ಬಯಲಿನ ಮೇಲೆ ಬಿಡಬಹುದು. ಬೆಟ್ಟದ ಮೇಲೆ?

ಮೂರು ವರ್ಷದ ಹಿಂದೆ ಒಂದು ಬೆಟ್ಟದ ಸಾಲು ದಾಟುತ್ತಿದ್ದೆ. ಗಾಳಿ ಎದುರಿನಿಂದ. ಬೆಟ್ಟದ ನೆತ್ತಿಗಿಂತ 800 ಅಡಿ ಮೇಲಿದ್ದೆ, ಸಾಕು ಅಂದುಕೊಂಡೆ. ನೆತ್ತಿಗೆ ಇನ್ನೂ ಒಂದು ಮೈಲಿ ಇರುವಾಗ ವಿಮಾನ ಕುಸಿಯತೊಡಗಿತು. ಪೂರ್ತಿ ಪವರ್ ಕೊಟ್ಟೆ, ಹತ್ತುವ ವೇಗ ಇಟ್ಟೆ. ಆದರೂ ನಿಮಿಷಕ್ಕೆ 600 ಅಡಿ ಇಳಿಯುತ್ತಿತ್ತು. ಮುಂದಿನ ಗಾಜಿನಲ್ಲಿ ಬೆಟ್ಟದ ನೆತ್ತಿ ಮೆಲ್ಲಗೆ ಮೇಲಕ್ಕೆ ಏರುತ್ತಿತ್ತು. ಅದರ ಹಿಂದಿನ ಬಯಲು ಒಂದೊಂದೇ ಗೆರೆಯಾಗಿ ಮರೆಯಾಯಿತು. ಆಗ ತಿರುಗಿಸಿದೆ. ಬೆಟ್ಟಕ್ಕೆ ನೇರವಾಗಿ ಹೋಗದೆ ಓರೆಯಾಗಿ ಹೋಗಿದ್ದೆ, ಅದಕ್ಕೇ ತಿರುಗಲು ಜಾಗ ಸಿಕ್ಕಿತು. ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಬೋಧಕಿ:
ನೀವು ಹೇಳಿದ್ದು ಸರಿ. ಆದರೆ ನೀವು ಮಾಡಿದ್ದೂ ಎತ್ತರಕ್ಕೆ ಗುದ್ದಾಡಿದ್ದಲ್ಲ. ಯೋಕು ಎಳೆಯದೆ ವೇಗ ಕಾಪಾಡಿಕೊಂಡು, ತಗ್ಗು ನೆಲದ ಕಡೆ ತಿರುಗಿದಿರಿ. ಬೆಟ್ಟವನ್ನು 45 ಡಿಗ್ರಿ ಓರೆಯಲ್ಲಿ ಸಮೀಪಿಸಿ ಅಂತ ಹೇಳಿಕೊಡುವುದೇ ಇದಕ್ಕೆ. ನೆತ್ತಿಗಿಂತ 2000 ಅಡಿಯಾದರೂ ಮೇಲಿರಬೇಕು. ನೆತ್ತಿಯ ಮಟ್ಟದಲ್ಲಿ ಗಾಳಿ 25 ನಾಟ್ ದಾಟಿದ್ದರೆ ನನ್ನ ಶಿಷ್ಯರನ್ನು ನಾನು ಆ ಕಡೆ ಕಳಿಸುವುದೇ ಇಲ್ಲ.

ಗ್ಲೈಡರ್ ಪ್ರೇಮಿ:
ನಮ್ಮ ಕಡೆಯಿಂದ ಎರಡು ಮಾತು. ನಿಮ್ಮನ್ನು ಹೆದರಿಸುವ ಗಾಳಿಯನ್ನೇ ನಾವು ಹುಡುಕಿಕೊಂಡು ಹೋಗುವವರು. ನಮಗೆ ಎಂಜಿನ್ ಇಲ್ಲ, ಏರುವ ಗಾಳಿಯೇ ಆಧಾರ.

ಕೆಳಗೆ ಎಳೆಯುವ ಗಾಳಿಯಲ್ಲಿ ಮೂಗು ಎತ್ತಿ ನಿಧಾನ ಮಾಡಿದರೆ ಅದರಲ್ಲೇ ಜಾಸ್ತಿ ಹೊತ್ತು ಇರುತ್ತೀರಿ. ನಾವು ಉಲ್ಟಾ ಮಾಡುತ್ತೇವೆ. ಇಳಿಯುವ ಗಾಳಿಯಲ್ಲಿ ಮೂಗು ತಗ್ಗಿಸಿ ಬೇಗ ದಾಟುತ್ತೇವೆ, ಏರುವ ಗಾಳಿಯಲ್ಲಿ ನಿಧಾನಿಸುತ್ತೇವೆ. ಎತ್ತರ ಹಿಡಿಯಲು ಹೋಗುವ ಪೈಲಟ್ ಎರಡು ಕಡೆಯೂ ಇದಕ್ಕೆ ವಿರುದ್ಧ ಮಾಡುತ್ತಾರೆ.

ಇನ್ನೊಂದು, ಬೆಟ್ಟದ ಹಿಂದೆ ಗಾಳಿ ಅಲೆ ಅಲೆಯಾಗಿ ಏಳುತ್ತದೆ. ಆ ಅಲೆ ರೇಷ್ಮೆಯ ಹಾಗೆ ನುಣುಪು. 2018ರ ಸೆಪ್ಟೆಂಬರ್‌ನಲ್ಲಿ ಪರ್ಲಾನ್ 2 ಅನ್ನುವ ಗ್ಲೈಡರ್ ಅರ್ಜೆಂಟೀನಾದಲ್ಲಿ ಆಂಡಿಸ್ ಪರ್ವತದ ಅಲೆ ಹಿಡಿದು 76,124 ಅಡಿ ಏರಿತು. ಎಂಜಿನ್ ಇಲ್ಲದೆ! ಆದರೆ ಅಲೆಯ ಕೆಳಗೆ ರೋಟರ್ ಅಂತ ಉರುಳುವ ಗಾಳಿ ಇರುತ್ತದೆ, ಅದು ಬಹಳ ಕೆಟ್ಟದ್ದು. ತಟ್ಟೆ ಕವುಚಿಟ್ಟ ಹಾಗೆ ಒಂದೇ ಕಡೆ ನಿಂತ ಮೋಡ ಕಂಡರೆ ಅಲೆ ಇದೆ ಅಂತ ಅರ್ಥ. ಅದರ ಕೆಳಗೆ, ಬೆಟ್ಟದ ಮಟ್ಟದಲ್ಲಿ ಹರಿದು ಚಿಂದಿಯಾದ ಮೋಡ ಉರುಳುತ್ತಿದ್ದರೆ ಅಲ್ಲಿಗೆ ಹೋಗಲೇಬೇಡಿ.

ವಿಂಡ್‌ಸಾಕ್:
ಒಂದು ನಿಮಿಷ. ಮೇಲೆ 95ರೊಳಗೆ ಇರಿ ಅಂದರು, ನೀವು ಇಳಿಯುವ ಗಾಳಿಯಲ್ಲಿ ವೇಗ ಹೆಚ್ಚಿಸಿ ಅನ್ನುತ್ತಿದ್ದೀರಿ. ಹೊಸಬರು ಯಾರ ಮಾತು ಕೇಳಬೇಕು?

ಗ್ಲೈಡರ್ ಪ್ರೇಮಿ:
ವಿಎ ದಾಟಿ ಅಂತ ನಾನು ಹೇಳಿಲ್ಲ. 70ಕ್ಕೆ ಇಳಿದು ತೆವಳಬೇಡಿ, 90ರಲ್ಲಿ ದಾಟಿ ಅಂತಷ್ಟೇ. ತೀರಾ ನಿಧಾನವಾದರೆ ಒಂದು ಏಟಿಗೇ ಸ್ಟಾಲ್ ಆಗುವ ಅಪಾಯವೂ ಇದೆ ಅಲ್ವಾ.

ಲೋಡ್ ಫ್ಯಾಕ್ಟರ್:
ಒಪ್ಪಿದೆ. ಫ್ಲಾಪ್ ಇಲ್ಲದೆ 172ಎಸ್‌ನ ಸ್ಟಾಲ್ 48 ನಾಟ್. ಒಬ್ಬರೇ ಹಾರುವಾಗ 85ರಿಂದ 90 ಇಟ್ಟುಕೊಂಡರೆ ಎರಡು ಕಡೆಯೂ ಜಾಗ ಇರುತ್ತದೆ.

ಬಲ ಸೀಟು:
ನಾನು ಪೈಲಟ್ ಅಲ್ಲ, ನಮ್ಮ ಯಜಮಾನರು ಹಾರುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಅರ್ಧ ಗಂಟೆ ಕುಲುಕಿದರೆ ವಾಂತಿ ಬಂದಂತಾಗುತ್ತದೆ. ನನ್ನಂಥವರಿಗೂ ಏನಾದರೂ ಹೇಳಿ.

ಬೋಧಕಿ:
ಮೇಡಂ, ಫೋನು, ನಕ್ಷೆ ಯಾವುದನ್ನೂ ನೋಡಬೇಡಿ. ದೂರದ ದಿಗಂತ ನೋಡಿ. ಗಾಳಿ ಬರುವ ಕಿಂಡಿಯನ್ನು ಮುಖದ ಕಡೆ ತಿರುಗಿಸಿಕೊಳ್ಳಿ. ತಲೆಯನ್ನು ಸೀಟಿಗೆ ಒರಗಿಸಿ, ಆಗಾಗ ತಿರುಗಿಸಬೇಡಿ. ನಿಮ್ಮ ಯಜಮಾನರು ಒಪ್ಪಿದರೆ, ಬಯಲಿನ ಮೇಲೆ ಎತ್ತರದಲ್ಲಿರುವಾಗ ಐದು ನಿಮಿಷ ಯೋಕು ನಿಮ್ಮ ಕೈಗೆ ಕೊಡಲಿ, ಅವರ ಕೈಯೂ ಹತ್ತಿರವೇ ಇರಲಿ. ಕಾರು ಓಡಿಸುವವರಿಗೆ ವಾಕರಿಕೆ ಬರುವುದು ಕಡಿಮೆ, ಅದೇ ಕಾರಣ. ಬೆಳಿಗ್ಗೆ ಹೊರಡಿ ಅಂತಲೂ ಹೇಳಿ.

ಎಡ ಸೀಟು:
ಇಲ್ಲವೇ ಮೋಡದ ಮೇಲೆ ಹೋಗಿ. ಬಿಸಿಲಿನ ದಿನ ಹತ್ತಿಯಂಥ ಬಿಡಿ ಮೋಡಗಳ ತಳದವರೆಗೆ ಕುಲುಕಾಟ. ಅವುಗಳ ಸಂದಿನಿಂದ ಮೇಲೆ ಹೋದರೆ ಕೈಯಲ್ಲಿರುವ ಲೋಟದ ನೀರೂ ಅಲ್ಲಾಡಲ್ಲ. ಎಂಜಿನ್ನಿಗೆ ಶಕ್ತಿ ಇರಬೇಕು ಅಷ್ಟೇ. ಕೆಳಗೆ ಮೋಡ ಮುಚ್ಚಿಕೊಳ್ಳುತ್ತಿದ್ದರೆ ಈ ಉಪಾಯ ಬೇಡ.

ಟೇಲ್‌ವ್ಹೀಲ್:
ನನ್ನ ಜೊತೆ ಬರುವವರೆಲ್ಲ ಏರ್ ಪಾಕೆಟ್ ಬಂತು ಅನ್ನುತ್ತಾರೆ. ಗಾಳಿಯಲ್ಲಿ ಗುಂಡಿ ಎಲ್ಲಿಂದ ಬರಬೇಕು? ಗಾಳಿ ಎಲ್ಲ ಕಡೆಯೂ ಇದೆ, ಅದು ಮೇಲೆ ಕೆಳಗೆ ಹರಿಯುತ್ತದೆ ಅಷ್ಟೇ. ಉತ್ತ ಹೊಲ, ಡಾಂಬರು ಬಿಸಿಲಿಗೆ ಕಾದು ಗಾಳಿ ಏಳುತ್ತದೆ. ಕೆರೆ, ಕಾಡಿನ ಮೇಲೆ ಇಳಿಯುತ್ತದೆ. ನೆಲದ ಬಣ್ಣ ನೋಡುತ್ತಾ ಹಾರಿದರೆ ಮುಂದಿನ ಏಟು ಎಲ್ಲಿ ಅಂತ ಮೊದಲೇ ಗೊತ್ತಾಗುತ್ತದೆ. ಗೊತ್ತಿದ್ದರೆ ಭಯ ಅರ್ಧ ಕಡಿಮೆ.

ಬಲ ಸೀಟು:
ಗುಂಡಿ ಇಲ್ಲ ಅಂತ ಗೊತ್ತಿದ್ದರೂ ಹೊಟ್ಟೆಗೆ ಗುಂಡಿಯ ಹಾಗೇ ಅನಿಸುತ್ತದೆ ಸರ್. ಆ ಮಾತು ಇರಲಿ ಬಿಡಿ.

ಹೊಸ ರೆಕ್ಕೆ:
ತುಂಬಾ ಕಲಿತೆ. ಒಂದು ಪ್ರಶ್ನೆ ಉಳಿದಿದೆ. ಅವತ್ತು ಇಳಿಯುವಾಗ ಗಾಳಿ 14 ನಾಟ್, ಗಸ್ಟ್ (ನಡುನಡುವೆ ಜೋರಾಗಿ ಬೀಸುವ ಗಾಳಿ) 24 ಅಂತ ಹೇಳಿದರು. ಎಷ್ಟು ವೇಗ ಸೇರಿಸಬೇಕಿತ್ತು?

ಟೇಲ್‌ವ್ಹೀಲ್:
24ರಿಂದ 14 ಕಳೆದರೆ 10. ಅದರ ಅರ್ಧ 5 ನಾಟ್. ಫೈನಲ್‌ನಲ್ಲಿ (ರನ್‌ವೇ ಕಡೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ) ಮಾಮೂಲಿ ವೇಗಕ್ಕೆ 5 ಸೇರಿಸಿ.

ಮೋಡದ ಅಂಚು:
ನಾನು ಹತ್ತೂ ಸೇರಿಸುತ್ತೇನೆ. ಕಡಿಮೆಯಾಗುವುದಕ್ಕಿಂತ ಜಾಸ್ತಿ ಇರಲಿ.

ಟೇಲ್‌ವ್ಹೀಲ್:
ರನ್‌ವೇ ಎಷ್ಟು ಉದ್ದ ಇದೆ ಅನ್ನುವುದರ ಮೇಲೆ ಹೋಗುತ್ತದೆ. ವೇಗ ಶೇಕಡಾ 10 ಹೆಚ್ಚಾದರೆ ಬ್ರೇಕು ಕರಗಿಸಬೇಕಾದ ಶಕ್ತಿ ಶೇಕಡಾ 21 ಹೆಚ್ಚುತ್ತದೆ. ವೇಗ ಜಾಸ್ತಿ ಇದ್ದರೆ ವಿಮಾನ ತೇಲುತ್ತಲೇ ಹೋಗುತ್ತದೆ, ಕೆಳಗೆ ಕೂರಲ್ಲ. ಉದ್ದ ಇಲ್ಲದ ಕಡೆ ಇದನ್ನು ಮಾಡಬೇಡಿ. ಫ್ಲಾಪ್ ಸ್ವಲ್ಪ ಕಡಿಮೆ ಇಡಿ, ನೆಲ ಹತ್ತಿರ ಬರುವವರೆಗೆ ಪವರ್ ಪೂರ್ತಿ ತೆಗೆಯಬೇಡಿ. ಸರಿ ಕಾಣದಿದ್ದರೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ.

ವಿಂಡ್‌ಸಾಕ್:
ಫೈನಲ್‌ನಲ್ಲಿ ವೇಗ ಇದ್ದಕ್ಕಿದ್ದಂತೆ ಏರಿದರೆ ಖುಷಿಪಡಬೇಡಿ. ಹತ್ತಿರದಲ್ಲಿ ಮಳೆಮೋಡ ಇದ್ದರೆ ಅದು ಮೈಕ್ರೋಬರ್ಸ್ಟ್‌ನ ಮುಂಬಾಗಿಲು. ಮೊದಲು ಎದುರುಗಾಳಿ, ಆಮೇಲೆ ಮೇಲಿಂದ ಒತ್ತುವ ಗಾಳಿ, ಆಮೇಲೆ ಹಿಂದಿನಿಂದ. ನಿಮಿಷಕ್ಕೆ 6000 ಅಡಿಯವರೆಗೆ ಕೆಳಗೆ ತಳ್ಳಬಲ್ಲದು. 172 ಅದರ ವಿರುದ್ಧ ಹತ್ತಲು ಸಾಧ್ಯವೇ ಇಲ್ಲ. 1985ರಲ್ಲಿ ಡಲ್ಲಾಸ್‌ನಲ್ಲಿ ಮೂರು ಎಂಜಿನ್ನಿನ ದೊಡ್ಡ ಪ್ರಯಾಣಿಕ ವಿಮಾನ ಟ್ರೈಸ್ಟಾರ್ ಕೂಡ ಇದರಲ್ಲೇ ಬಿತ್ತು. ಮೋಡದಿಂದ ಮಳೆಯ ಪರದೆ ಇಳಿದು ನೆಲ ಮುಟ್ಟದೆ ಆರಿಹೋಗುತ್ತಿದ್ದರೂ ಅದರ ಕೆಳಗೆ ಹೋಗಬೇಡಿ. ಹೆಚ್ಚೆಂದರೆ ಹದಿನೈದು ನಿಮಿಷದ ಆಟ ಅದು. ದೂರ ನಿಂತು ಕಾಯಿರಿ. ಗುಡುಗು ಮೋಡದಿಂದಂತೂ 20 ಮೈಲಿ ದೂರ.

ಗ್ಲೈಡರ್ ಪ್ರೇಮಿ:
ಗಾಳಿಯೇ ಇಲ್ಲದ ಸಂಜೆಯಲ್ಲೂ ಎಚ್ಚರ ಬೇಕು. ದೊಡ್ಡ ವಿಮಾನ ಇಳಿದ ಮೇಲೆ ಅದರ ರೆಕ್ಕೆ ತುದಿಯ ಸುಳಿ ಅಲ್ಲೇ ಉಳಿದಿರುತ್ತದೆ. ಮೆಲ್ಲನೆ ಅಡ್ಡಗಾಳಿ ಇದ್ದರೆ ಒಂದು ಸುಳಿ ರನ್‌ವೇ ಮೇಲೆಯೇ ನಿಂತುಬಿಡುತ್ತದೆ. ಒಮ್ಮೆ ನನ್ನನ್ನು 200 ಅಡಿಯಲ್ಲಿ ಬಲಕ್ಕೆ ಮಗುಚಿತು. ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ಪೂರ್ತಿ ಎಡಕ್ಕೆ ಹಿಡಿದರೂ ವಾಲುತ್ತಲೇ ಇತ್ತು. ಸುಳಿ ಕೆಳಗಿಳಿಯುವ ಗುಣದ್ದು. ಹಾಗಾಗಿ ದೊಡ್ಡದರ ದಾರಿಗಿಂತ ಮೇಲೇ ಬನ್ನಿ, ಅದು ನೆಲ ಮುಟ್ಟಿದ ಜಾಗ ದಾಟಿ ಇಳಿಯಿರಿ. ಇಲ್ಲವೇ ಕಾಯಿರಿ.

ಹೊಸ ರೆಕ್ಕೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಮಧ್ಯಾಹ್ನ ಎರಡಕ್ಕೇ ಇನ್‌ಸ್ಟ್ರಕ್ಟರ್ ಜೊತೆ ಹೋಗುತ್ತಿದ್ದೇನೆ. ಅದೇ ವಿಮಾನ. 90 ನಾಟ್, ಎರಡು ಬೆರಳು.

ಲೋಡ್ ಫ್ಯಾಕ್ಟರ್:
ಇಬ್ಬರಿದ್ದರೆ ತೂಕ ಬೇರೆ. ಕೈಪಿಡಿ ತೆಗೆದು ವಿಎ ಮತ್ತೆ ಲೆಕ್ಕ ಹಾಕಿ.

ಬೋಧಕಿ:
ಒಂದು ಕೇಳಬೇಕು. ಆ ಪೆನ್ನು ಸಿಕ್ಕಿತಾ?

ಹೊಸ ರೆಕ್ಕೆ:
ಇಲ್ಲ ಮೇಡಂ. ಹುಡುಕಲಿಲ್ಲ. ಅದು ಬರೀ ಪೆನ್ನು.

ಬೋಧಕಿ:
ಈಗಲೇ ಫೋನ್ ಮಾಡಿ ಹೇಳಿ. ರಡ್ಡರ್ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಪೆಡಲ್ ಪೂರ್ತಿ ಒತ್ತಲು ಬರುವುದಿಲ್ಲ. ಸೀಟಿನ ಹಳಿಯಲ್ಲಿ ಕೂತರೆ ಸೀಟು ಲಾಕ್ ಆಗುವುದಿಲ್ಲ. ನಾಳೆ ಬೇರೆ ಯಾರೋ ಅದೇ ವಿಮಾನದಲ್ಲಿ ಹಾರುತ್ತಾರೆ.

ಹೊಸ ರೆಕ್ಕೆ:
ಫೋನ್ ಮಾಡಿದೆ. ಮೆಕ್ಯಾನಿಕ್ ಟಾರ್ಚ್ ಹಾಕಿ ನೋಡಿದರಂತೆ. ಎಡ ಸೀಟಿನ ಹಳಿಯಲ್ಲೇ ಇತ್ತು, ಲಾಕ್ ಪಿನ್ ಕೂರುವ ಎರಡು ತೂತಿನ ಮೇಲೆ ಅಡ್ಡ ಬಿದ್ದಿತ್ತಂತೆ. ತೆಗೆದಿಟ್ಟಿದ್ದಾರೆ.